ಉಪ್ಪಿಟ್ಟು ತಿಂದ ಮೇಲೆ ಪ್ರಿಂಟರ್ ನೋಡಿದ್ದು

ನಮ್ಮ ಮನೆಯಲ್ಲಿ ಯಾವುದೇ ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳಲಿ, ಅದನ್ನು ನೋಡಿ ಪಾಸು ಮಾಡುವ ಅಧಿಕಾರ ನಮ್ಮ ಭಾವನವರದು. ಭಾವನವರು ಅಂದರೆ ನನ್ನ ಗಂಡನ ಅಣ್ಣ. ಈ ಅಧಿಕಾರವನ್ನು ಅವರಿಗೆ ಯಾರು ಕೊಟ್ಟರು ಅಂತ ನಾನು ಮದುವೆಯಾಗಿ ಬಂದಾಗಿನಿಂದ ಹುಡುಕುತ್ತಿದ್ದೇನೆ, ಇನ್ನೂ ಪತ್ತೆಯಾಗಿಲ್ಲ. ಅವರು ಪಾಸು ಮಾಡಿದ ಕಾರು ನಮ್ಮ ಮನೆ ಮುಂದೆ ನಿಂತಿದ್ದಕ್ಕಿಂತ ಗ್ಯಾರೇಜಿನಲ್ಲಿ ಮಲಗಿದ್ದೇ ಹೆಚ್ಚು. ಅವರು ಪಾಸು ಮಾಡಿದ ಫ್ರಿಜ್ಜಿನೊಳಗೆ ಇಟ್ಟ ಹಾಲು ಹೊರಗಿಟ್ಟ ಹಾಲಿಗಿಂತ ಬೇಗ ಒಡೆಯುತ್ತಿತ್ತು. ಆದರೇನು, "ಅಣ್ಣ ನೋಡಿದಾರೆ" ಅಂತ ನನ್ನ ಗಂಡ ಹೇಳಿಬಿಟ್ಟರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ನಮ್ಮದು ಚಾಮರಾಜಪೇಟೆಯಲ್ಲಿ ಮಾವನವರ ಕಾಲದಿಂದ ಇರುವ ಪ್ರಿಂಟಿಂಗ್ ಪ್ರೆಸ್ಸು. ನಾಮಕರಣದಿಂದ ಹಿಡಿದು ಶಿವಗಣಾರಾಧನೆಯ ತನಕ ಜನರಿಗೆ ಬೇಕಾದ ಕಾರ್ಡುಗಳನ್ನೆಲ್ಲ ಹೊಡೆದುಕೊಡುತ್ತೇವೆ. ಭಾವನವರು ಮುಂದೆ ಗಲ್ಲಾದಲ್ಲಿ ಕೂರುತ್ತಾರೆ. ನನ್ನ ಗಂಡ ಹಿಂದೆ ಮೆಷಿನ್ ಓಡಿಸುತ್ತಾರೆ. ನಾನು ನಡುವೆ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ, ತಪ್ಪು ತಿದ್ದುತ್ತೇನೆ, "ಈ ಗಣಪತಿ ಬೇಡ ರೀ, ಆ ಸೊಂಡಿಲು ಬಲಕ್ಕೆ ತಿರುಗಿರೋ ಗಣಪತಿ ಹಾಕಿ" ಅನ್ನುವ ಮದುಮಗಳ ತಾಯಂದಿರಿಗೆ ಸಂಜೆಯ ತನಕ ಗಣಪತಿ ಬದಲಾಯಿಸಿ ಕೊಡುತ್ತೇನೆ. ಇದಕ್ಕೆ ಸಂಬಳ ಎಂಬುದಿಲ್ಲ. ಒಂದು ಸಲ ಬಾಯಿಬಿಟ್ಟು ಕೇಳಿದ್ದೆ. "ಮನೆಯವರಿಗೆ ಯಾವ ಸಂಬಳಾನಮ್ಮಾ!" ಅಂತ ಭಾವನವರು ಎಷ್ಟು ಪ್ರೀತಿಯಿಂದ ನಕ್ಕರು ಅಂದರೆ, ಕೇಳಿದ ನಾನೇ ಪರಕೀಯಳೇನೋ ಅನ್ನಿಸಿಬಿಟ್ಟಿತು. ನನ್ನ ಗಂಡನಿಗೂ ಅಷ್ಟೇ, ಖರ್ಚಿಗೆ ಅಂತ ಆಗಾಗ ಒಂದಿಷ್ಟು. ಅವರಂತೂ ಎಂದೂ ಕೇಳಿದವರಲ್ಲ. ಅಣ್ಣನ ಎದುರು ಅವರ ಬಾಯಿಂದ ಬರುವುದು ಒಂದೇ ಮಾತು: "ಅಣ್ಣ ಹೇಳಿದ ಹಾಗೆ."

ಕಳೆದ ವರ್ಷ ಮಾವಳ್ಳಿಯಲ್ಲಿದ್ದ ನನ್ನ ಅಮ್ಮನ ಮನೆ ಮಾರಾಟವಾಗಿ ನನ್ನ ಪಾಲು ನನ್ನ ಕೈಗೆ ಬಂತು. ಬಂದದ್ದೇ ತಡ, ನಮ್ಮ ಮನೆಯಲ್ಲಿ ಎಲ್ಲರೂ ಹಣಕಾಸು ಸಲಹೆಗಾರರಾದರು. ಓರಗಿತ್ತಿ ಒಡವೆ ಮಾಡಿಸು ಅಂದಳು. ಗಂಡ ಬ್ಯಾಂಕಿನಲ್ಲಿ ಇಡು ಅಂದರು. ಭಾವನವರು ಮಾತ್ರ "ನಿನ್ನಿಷ್ಟಮ್ಮಾ, ನಾವ್ ಹೇಳೋಕಾಗತ್ತಾ" ಅಂತ ಹೇಳಿ, ಆ ದಿನದಿಂದ ಪ್ರೆಸ್ಸಿನ ಸೋರುವ ಮಾಡಿನ ಬಗ್ಗೆ ನನ್ನ ಕಿವಿಗೆ ಬೀಳುವ ಹಾಗೆ ಚಿಂತೆ ಮಾಡತೊಡಗಿದರು. ನಾನು ಯಾರ ಮಾತನ್ನೂ ಕೇಳಲಿಲ್ಲ. ಪಕ್ಕದ ಕ್ರಾಸಿನಲ್ಲಿ ಒಂದು ಹಳೆ ಕಾರ್ ಶೆಡ್ಡು ಬಾಡಿಗೆಗೆ ಮಾತಾಡಿಕೊಂಡು ಬಂದೆ. ಅಲ್ಲಿ ಒಂದು ಫ್ಲಾಟ್‌ಬೆಡ್ ಪ್ರಿಂಟರ್ ಇಟ್ಟು ನನ್ನದೇ ಕೆಲಸ ಶುರು ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಇದು ಕೈಕೊಟ್ಟರೆ ನಾನು ಮತ್ತೆ ಅದೇ ಕುರ್ಚಿಯಲ್ಲಿ ಕೂತು ಸಾಯುವ ತನಕ ಗಣಪತಿ ಬದಲಾಯಿಸಬೇಕು. ಇನ್ನೊಂದು ಸಲ ಪಾಲು ಕೊಡುವುದಕ್ಕೆ ನನಗೆ ಇನ್ನೊಬ್ಬ ಅಮ್ಮ ಇಲ್ಲ.

ಫ್ಲಾಟ್‌ಬೆಡ್ ಅಂದರೆ ಅಂಥ ಬ್ರಹ್ಮವಿದ್ಯೆಯೇನಲ್ಲ. ಮಾಮೂಲಿ ಪ್ರಿಂಟರಿಗೆ ಕಾಗದವನ್ನು ಒಳಗೆ ನುಗ್ಗಿಸಬೇಕು. ಇದರಲ್ಲಿ ಮೇಜಿನಂಥ ಹಾಸಿನ ಮೇಲೆ ಹಲಗೆಯನ್ನೋ ಟೈಲನ್ನೋ ಬಾಗಿಲನ್ನೋ ಮಲಗಿಸಿದರೆ ಸಾಕು, ಇಂಕು ಚಿಮ್ಮುವ ಹೆಡ್ಡು ಅದರ ಮೇಲೆ ಓಡಾಡಿಕೊಂಡು ಪ್ರಿಂಟ್ ಮಾಡುತ್ತದೆ, ಹಿಂದೆಯೇ ಒಂದು ನೇರಳೆ ದೀಪ ಬಂದು ಇಂಕನ್ನು ಒಣಗಿಸುತ್ತದೆ. ಮನೆ ಮುಂದಿನ ಹೆಸರಿನ ಬೋರ್ಡು ಆಯಿತು, ಸನ್ಮಾನದ ಫಲಕ ಆಯಿತು. ನವೆಂಬರ್ ಬಂದರೆ ನಮ್ಮೂರಿನಲ್ಲಿ ಸನ್ಮಾನ ಮಾಡುವ ಸಂಘಗಳು ಎಷ್ಟಿವೆ ಅಂದರೆ, ಸನ್ಮಾನ ಮಾಡಿಸಿಕೊಳ್ಳುವವರಿಗೇ ಬರ. ಹಾಗಾಗಿ ಕೆಲಸಕ್ಕೆ ಕೊರತೆಯಿರುವುದಿಲ್ಲ ಅಂತ ನನ್ನ ಲೆಕ್ಕ.

ಹೊಸ ಮೆಷಿನ್ ನನ್ನ ಕೈಗೆ ಎಟುಕುವಂಥದಲ್ಲ. ಓಕಳಿಪುರದಲ್ಲಿ ಒಂದು ಹಳೆಯದು ಮಾರಾಟಕ್ಕಿದೆ ಅಂತ ಗೊತ್ತಾಯಿತು. ಇಂಥ ಮೆಷಿನ್ ಕೊಳ್ಳುವಾಗ ಏನೇನು ನೋಡಬೇಕು ಅಂತ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ ನನಗೆ ಕನಸಿನಲ್ಲೂ ಹೆಡ್ಡು ಓಡಾಡುತ್ತಿತ್ತು.

"ನಾನೊಬ್ಳೇ ಹೋಗಿ ನೋಡ್ಕೊಂಡ್ ಬರ್ತೀನಿ ರೀ," ಅಂದೆ ಗಂಡನಿಗೆ.

"ಅಣ್ಣನ್ನ ಕರ್ಕೊಂಡ್ಹೋಗು. ಇಲ್ಲಾಂದ್ರೆ ಬೇಜಾರ್ ಮಾಡ್ಕೋತಾರೆ," ಅಂದರು.

ಅಣ್ಣ ಬೇಜಾರು ಮಾಡಿಕೊಳ್ಳದೆ ಇರುವುದು ನಮ್ಮ ಮನೆಯ ಕುಲದೇವರ ವ್ರತ. ಸರಿ, ಮಾರುವವರ ನಂಬರು ಕೊಟ್ಟು, ಫೋನ್ ಮಾಡಿ ವಿಳಾಸ ಕೇಳಿ ಇಟ್ಟುಕೊಳ್ಳಿ ಅಂತ ಭಾವನವರಿಗೆ ಹೇಳಿದೆ. ಎರಡು ದಿನ ಬಿಟ್ಟು ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು, ವರನ ಕಡೆಯ ಹಿರಿಯರಂತೆ ಹೊರಟರು. ನಾನು ಚೀಲದಲ್ಲಿ ಒಂದು ಸ್ಟೀಲ್ ಸ್ಕೇಲು, ಒಂದು ಕರಿಯ ಅಕ್ರಿಲಿಕ್ ತುಂಡು ಹಾಕಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಭಾವನವರು ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಮೋಸ ಹೋಗದೆ ಇರುವುದು ಹೇಗೆ ಅಂತ ಪಾಠ ಹೇಳಿದರು. ಆ ಫ್ರಿಜ್ಜಿನ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮಾರುವವರ ಮನೆ ರೈಲ್ವೆ ಹಳಿಯ ಪಕ್ಕದಲ್ಲೇ. ಕೆಳಗೆ ಮೆಷಿನ್ನು, ಮೇಲೆ ಸಂಸಾರ. ಯಜಮಾನರು ಅರವತ್ತು ದಾಟಿದವರು, ಮಾತು ಬೆಣ್ಣೆ. ಬಾಗಿಲಲ್ಲೇ ಭಾವನವರ ಕೈ ಹಿಡಿದು "ಬನ್ನಿ ಯಜಮಾನ್ರೇ, ಬನ್ನಿ" ಅಂತ ಒಳಗೆ ಕರೆದುಕೊಂಡು ಹೋದರು. ನಾನು ಹಿಂದಿನಿಂದ ಬಂದೆ. ಬಾಗಿಲು ನನ್ನನ್ನು ತಡೆಯಲಿಲ್ಲ, ಅಷ್ಟು ಮರ್ಯಾದೆ ಅದಕ್ಕಿತ್ತು.

ಗೋಡೆಯುದ್ದಕ್ಕೂ ದೇವರ ಚಿತ್ರದ ಟೈಲುಗಳು. ಎಲ್ಲ ಧರ್ಮದವೂ ಇದ್ದವು. ಪೂಜೆಗಲ್ಲ. ಗಂಡಸರು ಕಂಡಕಂಡ ಕಾಂಪೌಂಡಿಗೆ ಉಚ್ಚೆ ಹೊಯ್ಯದೆ ಇರಲಿ ಅಂತ ಗೋಡೆಗೆ ಅಂಟಿಸುತ್ತಾರಲ್ಲ, ಅವು. ಯಜಮಾನರು ಇಷ್ಟು ದಿನ ಹೊಡೆದದ್ದೆಲ್ಲ ಅದೇ.

"ಯಾಕ್ ಮಾರ್ತಿದೀರಿ?" ಅಂತ ಕೇಳಿದೆ.

ಅವರು ಭಾವನವರ ಮುಖ ನೋಡಿ ಉತ್ತರ ಕೊಟ್ಟರು. "ಮೊದಲಿನ್ ಥರ ವ್ಯಾಪಾರ ಇಲ್ಲ ಯಜಮಾನ್ರೇ. ಜನಕ್ಕೆ ದೇವರ ಭಯಾನೇ ಹೋಗ್ಬಿಟ್ಟಿದೆ. ಟೈಲ್ಸ್ ಇದ್ರೂ ಹೊಯ್ತಾರೆ."

"ಕಾಲ ಕೆಟ್ಟೋಯ್ತು ಬಿಡಿ," ಅಂತ ಭಾವನವರು ನಿಟ್ಟುಸಿರುಬಿಟ್ಟರು. ಪ್ರಶ್ನೆ ಕೇಳಿದವಳು ನಾನು ಅನ್ನುವುದು ಇಬ್ಬರಿಗೂ ನೆನಪಿರಲಿಲ್ಲ.

ಆಮೇಲೆ ಭಾವನವರ ತಪಾಸಣೆ ಶುರುವಾಯಿತು. ಅಬ್ಬಬ್ಬಾ, ನೋಡಬೇಕಿತ್ತು! ಮೊದಲು ಮೆಷಿನ್ನಿನ ಮೇಲೆ ಹಚ್ಚಿದ್ದ ಹಳೆ ಆಯುಧಪೂಜೆಯ ಕುಂಕುಮವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅದರ ಪಕ್ಕೆಗೆ ಎರಡು ಸಲ ಬಡಿದು ಸದ್ದು ಕೇಳಿದರು. ಬಗ್ಗಿ ಕಾಲುಗಳನ್ನು ನೋಡಿದರು. "ಬಾಡಿ ಗಟ್ಟಿ ಇದೆ," ಅಂದರು. "ಪೇಂಟ್ ಎಲ್ಲೂ ಹೋಗಿಲ್ಲ," ಅಂದರು. ಇನ್ನು ಮೈಲೇಜು ಕೇಳುವುದೊಂದು ಬಾಕಿ ಅಂದುಕೊಳ್ಳುವಷ್ಟರಲ್ಲಿ, ಲೀಟರ್ ಇಂಕಿಗೆ ಎಷ್ಟು ಟೈಲು ಬರುತ್ತದೆ ಅಂತ ಅದನ್ನೂ ಕೇಳಿದರು.

ಯಜಮಾನರು ಮೆಷಿನ್ ಓಡಿಸಿ ಒಂದು ಬಿಳಿ ಹಲಗೆಯ ಮೇಲೆ ಗಿಣಿ ಪ್ರಿಂಟ್ ಮಾಡಿ ತೋರಿಸಿದರು. ಆ ದೀಪವನ್ನು ನೇರವಾಗಿ ನೋಡಬೇಡಿ ಭಾವ, ಕಣ್ಣಿಗೆ ಕೆಟ್ಟದ್ದು ಅಂತ ನಾನು ಹೇಳಿದೆ. ನಾನು ಹೇಳಿದೆ ಅನ್ನುವ ಒಂದೇ ಕಾರಣಕ್ಕೆ ಅವರು ಬಗ್ಗಿ ಹತ್ತಿರದಿಂದ ನೋಡಿದರು. "ಲೈಟ್ ಚೆನ್ನಾಗಿದೆ," ಅಂತ ಪಾಸು ಮಾಡಿದರು. ಅಲ್ಲಿಂದ ಮುಂದೆ ಅವರ ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಹಳೆ ಮೆಷಿನ್ನನ್ನು ಅಗಲಬೇಕಾದ ಯಜಮಾನರಿಗಿಂತ ಇವರಿಗೇ ಹೆಚ್ಚು ದುಃಖವಾದ ಹಾಗೆ ಕಾಣುತ್ತಿತ್ತು.

ನಾನು ನಾಝಲ್ ಟೆಸ್ಟ್ ಕೊಡಿ ಅಂದೆ. ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಪ್ರತಿಯೊಂದು ತೂತೂ ಒಂದು ಕೂದಲೆಳೆಯಂಥ ಗೆರೆ ಎಳೆಯುತ್ತದೆ. ಗೆರೆ ಇಲ್ಲದ ಕಡೆ ತೂತು ಕಟ್ಟಿಕೊಂಡಿದೆ ಅಂತ ಅರ್ಥ. ಯಜಮಾನರು ಒಂದು ಪಾರದರ್ಶಕ ಹಾಳೆಯ ಮೇಲೆ ಟೆಸ್ಟ್ ಕೊಟ್ಟರು. ಎಲ್ಲ ಬಣ್ಣದ ಗೆರೆಗಳೂ ಸೊಗಸಾಗಿ ಬಂದವು. ಎಲ್ಲಕ್ಕಿಂತ ಬೇಗ ಕೆಡುವ ಬಿಳಿ ಇಂಕೂ ಸರಿಯಾಗೇ ಇತ್ತು. ನನಗೇ ಒಂದು ಕ್ಷಣ ಖುಷಿಯಾಗಿ ಹೋಯಿತು.

"ಇನ್ನೇನಮ್ಮಾ ನೋಡೋದು? ಒಳ್ಳೆ ಕುದುರೆ ಥರ ಇದೆ," ಅಂದರು ಭಾವನವರು, ಕಣ್ಣೊರೆಸಿಕೊಳ್ಳುತ್ತಾ.

"ಅರ್ಧ ಗಂಟೆ ಸುಮ್ನೆ ಬಿಟ್ಟು ಇನ್ನೊಂದ್ಸಲ ಟೆಸ್ಟ್ ನೋಡ್ಬೇಕು," ಅಂದೆ. ವಿಡಿಯೋದಲ್ಲಿ ಎಲ್ಲರೂ ಒತ್ತಿ ಒತ್ತಿ ಹೇಳಿದ್ದು ಅದೇ. ತೊಳೆದಿಟ್ಟ ಹೆಡ್ಡು ಸ್ವಲ್ಪ ಹೊತ್ತು ಒಳ್ಳೆಯ ಮುಖವನ್ನೇ ತೋರಿಸುತ್ತದೆ, ಸುಮ್ಮನೆ ಬಿಟ್ಟಾಗಲೇ ಅದರ ನಿಜ ಗೊತ್ತಾಗುವುದು.

"ಅದಕ್ಕೇನಂತೆ," ಅಂದರು ಯಜಮಾನರು, ಈ ಸಲ ನನ್ನ ಕಡೆ ಅರ್ಧ ತಿರುಗಿ. "ಅಷ್ಟರಲ್ಲಿ ತಿಂಡಿ ಆಗ್ಲಿ. ಅಮ್ಮಾ, ನೀವ್ ಮೇಲೆ ಹೋಗಿ, ನಮ್ಮನೆಯವ್ರು ಕಾಯ್ತಿದಾರೆ. ಗಂಡಸ್ರು ನಾವ್ ಇಲ್ಲೇ ಮಾತಾಡ್ತೀವಿ."

ನೋಡಿ ಹೇಗಿದೆ. ದುಡ್ಡು ಕೊಡುವವಳು ಅಡುಗೆಮನೆಗೆ, ಫ್ರಿಜ್ಜು ಪಾಸು ಮಾಡಿದವರು ಮೆಷಿನ್ನಿನ ಹತ್ತಿರ. ಆದರೆ ಮೇಲಿನಿಂದ ಆ ತಾಯಿ ಕೈಯಲ್ಲಿ ತಟ್ಟೆ ಹಿಡಿದೇ ಕರೆಯುತ್ತಿದ್ದರು. ಹೋದೆ.

ಬಿಸಿ ಉಪ್ಪಿಟ್ಟು, ಮೇಲೆ ತುಪ್ಪ, ಪಕ್ಕದಲ್ಲಿ ಕೇಸರಿಬಾತು. ತಟ್ಟೆ ನೋಡಿಯೇ ನಾನು ಹುಷಾರಾದೆ. ನಮ್ಮ ಜನಕ್ಕೆ ದಾಕ್ಷಿಣ್ಯ ಅಂತ ಒಂದು ಕಾಯಿಲೆಯಿದೆ. ಒಬ್ಬರ ಮನೆಯಲ್ಲಿ ಒಂದು ಚಮಚ ಕೇಸರಿಬಾತು ತಿಂದರೆ ಸಾಕು, ಆಮೇಲೆ ಅವರ ಮನೆಯ ಮೆಷಿನ್ ಕೆಟ್ಟಿದೆ ಅಂತ ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು ಬಂದು ಆಮೇಲೆ ಕಾಗದದಲ್ಲಿ ಜಾತಕ ಕೂಡಲಿಲ್ಲ ಅಂತ ಬರೆಯುತ್ತಿದ್ದದ್ದು ಸುಮ್ಮನೆಯೇ? ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪಕ್ಕದಲ್ಲಿ ಕೂತು ಆ ತಾಯಿ ನನ್ನ ತಟ್ಟೆಗೆ ಇನ್ನಷ್ಟು ಹಾಕುತ್ತಲೇ ಇದ್ದರು. ಅವರ ಮುಖ ಎಷ್ಟು ಒಳ್ಳೆಯದಿತ್ತು ಅಂದರೆ ನನಗೆ ನಿಜವಾಗಿ ಬೇಸರವಾಯಿತು.

"ನೀವ್ ತಗೊಂಡ್ರೆ ನಮಗೂ ಸಮಾಧಾನ," ಅಂದರು. "ಮನೆ ಮಗು ಥರ ನೋಡ್ಕೊಂಡಿದಾರೆ. ಇವತ್ತಂತೂ ಕತ್ತಲಿರೋವಾಗ್ಲೇ ಎದ್ದು ಅದರ ಹತ್ರ ಹೋಗಿದಾರೆ. ಅದೇನೋ ಮದ್ದು ಹಾಕಿ ಹಾಕಿ ತೊಳೀತಾನೇ ಇದಾರೆ. ಕಾಫಿಗೂ ಮೇಲೆ ಬರ್ಲಿಲ್ಲ, ಪಾಪ."

ಕತ್ತಲಿರುವಾಗಲೇ ಎದ್ದು ತೊಳೆಯುವುದು ಯಾವುದನ್ನು? ಕಟ್ಟಿಕೊಂಡಿರುವ ಹೆಡ್ಡನ್ನು. ಪಾಪ, ಆ ತಾಯಿಗೆ ತಾನು ಏನು ಹೇಳಿದೆ ಅಂತಲೂ ಗೊತ್ತಿರಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದೆ. ಬಿಡುವುದಕ್ಕೆ ಮನಸ್ಸಾಗಲಿಲ್ಲ, ಅಷ್ಟು ಚೆನ್ನಾಗಿತ್ತು. ಕೈ ತೊಳೆದು ಕೆಳಗಿಳಿದೆ.

ಕೆಳಗೆ ಗಂಡಸರಿಬ್ಬರೂ ಎರಡನೇ ಸಲ ಕೇಸರಿಬಾತು ಹಾಕಿಕೊಂಡು ತಿಂದು ಮುಗಿಸಿ ಸಂಬಂಧ ಹುಡುಕುತ್ತಿದ್ದರು. ಯಜಮಾನರ ಸೋದರತ್ತೆಯನ್ನು ಭಾವನವರ ಅಜ್ಜಿಯ ಊರಿಗೆ ಕೊಟ್ಟಿದ್ದರಂತೆ. ಅಲ್ಲಿಗೆ ಮುಗಿಯಿತು, ಮೆಷಿನ್ನೂ ನೆಂಟಸ್ತಿಕೆಗೆ ಸೇರಿತು.

"ಟೆಸ್ಟ್ ಕೊಡಿ," ಅಂತ ನನ್ನ ಕರಿಯ ಅಕ್ರಿಲಿಕ್ ತುಂಡನ್ನು ಹಾಸಿನ ಮೇಲಿಟ್ಟೆ. "ಇದರ ಮೇಲೆ. ಬಿಳಿ ಮಾತ್ರ."

"ಏನಮ್ಮಾ ನೀನು," ಅಂತ ಭಾವನವರು ದನಿ ತಗ್ಗಿಸಿದರು. "ಇವರ ಮನೇಲಿ ಉಂಡು ಕೈ ತೊಳ್ದಿದೀವಿ. ಈಗ ಅನುಮಾನ ಪಡೋದು ಚೆನ್ನಾಗಿರತ್ತಾ?"

"ಕೈ ತೊಳ್ದಿದೀವಿ ಭಾವ, ಕಣ್ಣು ಮುಚ್ಕೊಂಡಿಲ್ಲ."

ಯಜಮಾನರು ಬಟನ್ ಒತ್ತಿದರು. ಹೆಡ್ಡು ಹೋಗಿ ಬಂತು. ಕರಿಯ ತುಂಡಿನ ಮೇಲೆ ಬಿಳಿ ಗೆರೆಗಳು ಮೂಡಿದವು. ಅಲ್ಲಲ್ಲಿ ಮೂಡಿದವು ಅನ್ನಬೇಕು. ಮಧ್ಯೆ ಮಧ್ಯೆ ಇಲಿ ತಿಂದ ಹಾಗೆ ಖಾಲಿ.

ಅದನ್ನು ಬಗ್ಗಿ ನೋಡಿ ಯಜಮಾನರು, "ಅದು ರೈಲಿಂದು," ಅಂದರು.

"ಏನು?"

"ರೈಲು ಹೋಗ್ವಾಗ ನೆಲ ಅದುರತ್ತೆ. ಗೆರೆ ತಪ್ಪೋಗತ್ತೆ."

"ಹೌದೌದು, ಅದುರಿತು, ನನಗೂ ಗೊತ್ತಾಯ್ತು," ಅಂದರು ಭಾವನವರು. ಉಪ್ಪಿಟ್ಟಿನ ಋಣ ನೋಡಿ! ಇಲ್ಲದ ರೈಲನ್ನು ಇಬ್ಬರು ಹಿರಿಯರು ಸೇರಿ ನನ್ನ ಕಣ್ಣೆದುರೇ ಬಿಟ್ಟರು.

"ಸರಿ, ರೈಲು ಇಲ್ದಾಗ ಇನ್ನೊಂದ್ಸಲ ಕೊಡಿ," ಅಂದೆ. ನಿಜವಾದ ರೈಲೊಂದು ಬಂತು. ಹೋಗುವ ತನಕ ಮೂವರೂ ಗಂಭೀರವಾಗಿ ನಿಂತು ಕಾದೆವು. ಸದ್ದೆಲ್ಲ ಅಡಗಿದ ಮೇಲೆ ಯಜಮಾನರು ಮತ್ತೆ ಬಟನ್ ಒತ್ತಿದರು. ಈ ಸಲ ಇನ್ನೂ ನಾಲ್ಕು ಗೆರೆ ಕಡಿಮೆ ಬಂದವು.

ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. "ಬಿಳಿ ಇಂಕಿಗೆ ಬೇರೆ ಹೆಡ್ಡು, ಅದು ಸ್ವಲ್ಪ ತೊಂದ್ರೆ ಕೊಡ್ತಿದೆ ತಾಯಿ," ಅಂದರು. ಬಂದಾಗಿನಿಂದ ನನ್ನ ಮುಖ ನೋಡಿ ಪೂರ್ತಿ ಆಡಿದ ಮೊದಲ ಮಾತು ಅದು. "ಮಿಕ್ಕಿದ್ದೆಲ್ಲ ಸರಿ ಇದೆ. ನಮ್ಮನೆಯವಳ ಮೇಲಾಣೆ."

ಆಣೆಯನ್ನು ಪಕ್ಕಕ್ಕಿಟ್ಟು ನಾನೇ ನೋಡಿದೆ. ಹಾಸಿನ ಮೇಲೆ ಸ್ಕೇಲನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನಿಲ್ಲಿಸಿ ಕೆಳಗೆ ಬೆಳಕು ನುಸುಳುತ್ತದೆಯೇ ಅಂತ ಬಗ್ಗಿ ನೋಡಿದೆ. ಸಮತಟ್ಟಾಗಿತ್ತು. ಉಳಿದ ಬಣ್ಣಗಳ ಟೆಸ್ಟ್ ಮತ್ತೆ ತೆಗೆಸಿದೆ. ಒಂದು ಗೆರೆಯೂ ತಪ್ಪಿರಲಿಲ್ಲ. ಒಣಗಿದ ಇಂಕನ್ನು ಉಗುರಿನಿಂದ ಕೆರೆದೆ, ಏಳಲಿಲ್ಲ. ಆಗ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಿಳಿ ಬೋರ್ಡು, ಬಿಳಿ ಟೈಲು, ಬಿಳಿ ಫಲಕ ಅಂತ ಇಟ್ಟುಕೊಂಡರೆ ಬಿಳಿ ಇಂಕಿನ ಗೊಡವೆಯೇ ಬೇಡ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಹೊಸ ಹೆಡ್ಡು ಹಾಕಿಸಿದರಾಯಿತು.

"ಹೊಸ ಬಿಳಿ ಹೆಡ್ಡಿಗೆ ಎಷ್ಟಾಗತ್ತೋ ಅಷ್ಟು ಕಳೀರಿ. ತಗೋತೀನಿ," ಅಂದೆ.

ಯಜಮಾನರು ಗೊಣಗಿದರು, ಆಕಾಶ ನೋಡಿದರು, ಮೇಲಿನ ಮಹಡಿ ನೋಡಿದರು, ಕೊನೆಗೆ ಒಪ್ಪಿದರು. ಅಲ್ಲಿಯ ತನಕ ಇಂಗು ತಿಂದ ಮಂಗನ ಹಾಗೆ ನಿಂತಿದ್ದ ಭಾವನವರಿಗೆ ತಕ್ಷಣ ಜೀವ ಬಂತು. "ನೋಡ್ದಾ? ನಾನ್ ಬಂದಿದ್ದಕ್ಕೆ ಇಷ್ಟಕ್ಕೆ ಬಿಟ್ರು," ಅಂದರು ನನ್ನ ಕಡೆ ತಿರುಗಿ. ಹೋಗಲಿ, ಆ ಹೆಮ್ಮೆಯನ್ನಾದರೂ ಇಟ್ಟುಕೊಳ್ಳಲಿ ಅಂತ ಸುಮ್ಮನಾದೆ. ನನಗೆ ಮೈಯೆಲ್ಲ ಹಗುರವಾಗಿತ್ತು. ನನ್ನ ಮೆಷಿನ್ನು! ಆ ಕುಂಕುಮ ಮೆತ್ತಿದ ಪಕ್ಕೆಯನ್ನು ನಾನೂ ಒಂದು ಸಲ ಸವರಿದೆ, ನಾಚಿಕೆಯಿಲ್ಲದೆ.

ಯಜಮಾನರು ಬಿಲ್ ಬುಕ್ಕು ತೆಗೆದು, ಹಳೆ ಅಭ್ಯಾಸದಂತೆ ಮತ್ತೆ ಭಾವನವರ ಕಡೆ ತಿರುಗಿದರು. "ನಿಮ್ ಪ್ರೆಸ್ ಹೆಸ್ರಿಗೇ ತಾನೆ ಯಜಮಾನ್ರೇ? ಮೊನ್ನೆ ಫೋನಲ್ಲಿ ಹೇಳಿದ್ರಲ್ಲ, ಹಂಗೇ?"

"ಹೂಂ, ಹಂಗೇ ಬರೀರಿ," ಅಂದರು ಭಾವನವರು.

ಮೊನ್ನೆ ಫೋನ್ ಮಾಡಲು ನಂಬರು ಕೊಟ್ಟವಳು ನಾನೇ. ವಿಳಾಸ ಕೇಳಲಿ ಅಂತ.

"ಯಾವ್ ಪ್ರೆಸ್ ಭಾವ?"

"ಯಾವ್ ಪ್ರೆಸ್ ಅಂದ್ರೆ? ನಮ್ ಪ್ರೆಸ್ಸು. ಹಿಂದಿನ್ ರೂಮು ಖಾಲಿ ಮಾಡ್ಸಿದೀನಿ, ಮೆಷಿನ್ ಅಲ್ಲೇ ಕೂರತ್ತೆ. ನೀನ್ ಡಿಸೈನ್ ಮಾಡು, ಮಿಕ್ಕಿದ್ ನಾನ್ ನೋಡ್ಕೋತೀನಿ. ಆ ಶೆಡ್ಡಲ್ಲಿ ನೀನೊಬ್ಳೇ ಕೂತು ಏನಮ್ಮಾ ಮಾಡ್ತೀಯಾ? ಅದರ ಓನರ್‌ಗೆ ಬೇಡ ಅಂತ ನಾನೇ ಹೇಳ್ತೀನಿ, ನೀನ್ ಬೇಜಾರ್ ಮಾಡ್ಕೋಬೇಡ."

ಎಷ್ಟು ಅಕ್ಕರೆ! ಬೆಳಗಿನಿಂದ ನಾನು ಮೆಷಿನ್ನಿನ ತೂತುಗಳನ್ನು ಹುಡುಕುತ್ತಿದ್ದೆ. ಆಟೋದಲ್ಲಿ ನನ್ನ ಪಕ್ಕವೇ ಕೂತು ಬಂದವರನ್ನು ಪರೀಕ್ಷೆ ಮಾಡಬೇಕು ಅಂತ ಹೊಳೆದಿರಲಿಲ್ಲ. ಎರಡು ಸಲ ಬಡಿದು ಪಾಸು ಮಾಡಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಮೆಷಿನ್ ಕೆಟ್ಟರೆ ಹೋಗುವುದು ನನ್ನ ಅಮ್ಮನ ಮನೆ, ಓಡಿದರೆ ತುಂಬುವುದು ಅವರ ಗಲ್ಲಾ. ಬಿಲ್ ಬುಕ್ಕಿನ ಮೇಲೆ ಕೈಯಿಟ್ಟು ತಡೆದೆ.

"ಬಿಲ್ ನನ್ ಹೆಸ್ರಿಗೆ ಬರೀರಿ," ಅಂದೆ ಯಜಮಾನರಿಗೆ. "ಮೆಷಿನ್ ಶೆಡ್ಡಿಗೆ ಹೋಗತ್ತೆ. ಇಲ್ಲಾಂದ್ರೆ ನನಗೆ ಮೆಷಿನ್ನೇ ಬೇಡ."

ಭಾವನವರ ಮುಖ ಕೆಂಪಾಯಿತು. ಹೊಸ ನೆಂಟರ ಎದುರು ಹೀಗಾಯಿತಲ್ಲ ಅಂತ. ಫೋನು ತೆಗೆದು ನನ್ನ ಗಂಡನಿಗೆ ಹಚ್ಚಿದರು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ನೋಡಪ್ಪಾ, ನಿನ್ ಹೆಂಡ್ತಿ ಇಲ್ಲಿ ನಾಲ್ಕು ಜನರ ಮುಂದೆ ಮರ್ಯಾದೆ ತೆಗೀತಿದಾಳೆ. ಮೆಷಿನ್ನು ಅವಳ ಹೆಸ್ರಿಗಂತೆ. ಪ್ರೆಸ್ಸಲ್ಲಿ ಬೇಡ್ವಂತೆ, ಶೆಡ್ಡಲ್ಲಿ ಇಡ್ತಾಳಂತೆ. ನಾನೇನ್ ಮಾಡ್ಲಿ, ನೀನೇ ಹೇಳು."

ಆ ಕಡೆ ಪ್ರೆಸ್ಸಿನ ಮೆಷಿನ್ ಓಡುವ ಸದ್ದು ಕೇಳುತ್ತಿತ್ತು. ಉತ್ತರ ನನಗೆ ಬಾಯಿಪಾಠವಿತ್ತು: ಅಣ್ಣ ಹೇಳಿದ ಹಾಗೆ. ಅದನ್ನು ಕೇಳಿಸಿಕೊಂಡು, ಸ್ಕೇಲು ಚೀಲಕ್ಕೆ ಹಾಕಿಕೊಂಡು, ಬರಿಗೈಯಲ್ಲಿ ಆಟೋ ಹತ್ತುವುದು ಅಂತ ಗಟ್ಟಿ ಮಾಡಿಕೊಂಡೆ.

ಮೆಷಿನ್ನಿನ ಸದ್ದು ನಿಂತಿತು. ನನ್ನ ಗಂಡ ಅದನ್ನು ಆಫ್ ಮಾಡಿದ್ದರು.

"ಅಣ್ಣಾ, ಫೋನ್ ಅವಳಿಗೆ ಕೊಡಿ."

"ಸ್ಪೀಕರಲ್ಲೇ ಇದೆ, ಹೇಳು," ಅಂದರು ಭಾವನವರು.

ಕಟ್ ಆಯಿತೇನೋ ಅಂತ ಭಾವನವರು ಫೋನನ್ನು ತಿರುಗಿಸಿ ನೋಡಿದರು.

"ಕೇಳ್ತಾ ಇದೆಯೇನೇ? ಶೆಡ್ಡಲ್ಲಿ ಆ ಮೆಷಿನ್ ಮೇಲೆ ಹಲಗೆ ಎತ್ತಿಡೋಕೆ, ಇಂಕ್ ತುಂಬೋಕೆ ಒಬ್ರು ಬೇಕಾಗ್ತಾರಲ್ಲ. ಯಾರಿಗಾದ್ರೂ ಹೇಳಿಟ್ಟಿದೀಯಾ?"

"ಇಲ್ಲ ರೀ," ಅಂದೆ.

"ಹಾಗಾದ್ರೆ ನನ್ನನ್ನ ಕೆಲಸಕ್ಕೆ ತಗೋ," ಅಂದರು, ಅಣ್ಣನಿಗೂ ಕೇಳಿಸುವಷ್ಟು ಜೋರಾಗಿ.